ರುದ್ರಮುನಿಯವರು ತಂದ ಸೀಟು

ನಾನು ಮೂವತ್ತೊಂದು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವನು. ಬೆಂಗಳೂರಿನ ವಿಜಯನಗರದ ನಮ್ಮ ರಸ್ತೆಯಲ್ಲಿ ಈಗಲೂ ಎಲ್ಲರೂ ಮೇಷ್ಟ್ರೇ ಎಂದೇ ಕರೆಯುತ್ತಾರೆ. ಹಾಗೆ ಕರೆಸಿಕೊಂಡಾಗಲೆಲ್ಲ ಎದುರುಮನೆಯ ರಕ್ಷಾ ನೆನಪಾಗಿ ಬಾಯಿ ಕಹಿಯಾಗುತ್ತದೆ.

ಅವಳ ತಂದೆ ಗುರುಬಸಪ್ಪ ದಾವಣಗೆರೆ ಕಡೆಯವರು. ಆರ್‌ಪಿಸಿ ಲೇಔಟ್‌ನಲ್ಲಿ ಹಾರ್ಡ್‌ವೇರ್ ಅಂಗಡಿ. ಹುಡುಗಿ ಲೆಕ್ಕದಲ್ಲಿ ಚುರುಕು. ಪಿಯುಸಿಯಲ್ಲಿದ್ದಾಗಲೇ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಅವಳ ತಲೆಗೆ ಹೊಕ್ಕಿತ್ತು. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ಬೆಲೆ ಕಟ್ಟುವವರು ಯಾರು, ಹೇಗೆ ಕಟ್ಟುತ್ತಾರೆ ಎಂದು ನನ್ನನ್ನು ಕೂರಿಸಿಕೊಂಡು ಕೇಳುತ್ತಿದ್ದಳು. ಎಕನಾಮಿಕ್ಸ್ ಆನರ್ಸ್ ತಗೋ, ಜೊತೆಗೆ ಗಣಿತ ಬಿಡಬೇಡ ಎಂದು ಹೇಳಿದವನು ನಾನೇ. ಊರಿನ ಆ ತುದಿಯ ಕಾಲೇಜೊಂದರಲ್ಲಿ ಅವಳಿಗೆ ಆ ಸೀಟು ಸಿಕ್ಕಿತು. ಸೇರಿಕೊಳ್ಳಲು ನಾಲ್ಕು ದಿನ ಬಾಕಿ ಇತ್ತು.

ಅಷ್ಟರಲ್ಲಿ ರುದ್ರಮುನಿಯವರು ಬಂದರು. ಸಮಾಜದ ಹಿರಿಯರು, ನಮ್ಮ ಕಡೆಯ ಒಂದು ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದವರು. ಯಾವುದೋ ಮದುವೆ ಊಟದ ಪಂಕ್ತಿಯಲ್ಲಿ ಗುರುಬಸಪ್ಪ ಮಗಳ ವಿಷಯ ಎತ್ತಿದ್ದಷ್ಟೆ, ಇವರು ತಮ್ಮ ಕಾಲೇಜಿನ ಬಿ.ಕಾಂ. ಸೀಟಿನ ಪತ್ರವನ್ನು ಕೈಯಲ್ಲೇ ಹಿಡಿದು ಮನೆಗೆ ಬಂದುಬಿಟ್ಟರು. ರಕ್ಷಾಳ ತಾಯಿ ಜಯದೇವಿ ಅದನ್ನು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದರು. ಹಿರಿಯರೇ ತಂದ, ಜಗಲಿ ಏರಿದ ಕಾಗದವನ್ನು ಆ ಮನೆಯಲ್ಲಿ ವಾಪಸ್ ಕೊಡುವವರು ಯಾರು?

"ಇದ್ರಲ್ಲಿ ಮ್ಯಾಥ್ಸ್ ಇಲ್ಲಪ್ಪ," ಎಂದಳು ರಕ್ಷಾ.

"ಬ್ಯಾಂಕ್ ಕೆಲ್ಸಕ್ಕೆ ಬಿ.ಕಾಂ. ಸಾಕು ಕಣಮ್ಮ," ಎಂದರು ರುದ್ರಮುನಿ. ಆಮೇಲೆ, ಗುರುಬಸಪ್ಪ ಕರೆಸಿದ್ದರಿಂದ ಅಲ್ಲೇ ಕುಳಿತಿದ್ದ ನನ್ನತ್ತ ತಿರುಗಿದರು. "ಏನ್ ಮೇಷ್ಟ್ರೇ, ನೀವೇ ಹೇಳಿ."

ಅವಳೂ ನನ್ನನ್ನೇ ನೋಡಿದಳು. ಎಕನಾಮಿಕ್ಸ್‌ಗೇ ಸೇರಿಸಿ ಎಂದು ನಿಮ್ಮಪ್ಪನ ಹತ್ತಿರ ನಾನು ಮಾತಾಡುತ್ತೇನೆ ಅಂತ ಹಿಂದಿನ ದಿನವಷ್ಟೇ ಅವಳಿಗೆ ಮಾತು ಕೊಟ್ಟಿದ್ದೆ. ಆದರೆ ನನ್ನ ಮಗ ಶ್ರೀಶ ಅದೇ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್. ಅವನ ಕೆಲಸ ಕಾಯಂ ಆಗುವುದು ರುದ್ರಮುನಿಯವರ ಕೈಯಲ್ಲಿತ್ತು.

"ಎರಡೂ ಒಂದೇ ಬಿಡಿ ಸಾರ್. ಈ ಹುಡ್ಗಿ ಎಲ್ಲಿಗ್ ಹಾಕಿದ್ರೂ ಓದ್ತಾಳೆ," ಎಂದೆ.

ಸುಳ್ಳು ಹೇಳಿದ ಬಾಯಲ್ಲೇ ಜಯದೇವಿ ಕೊಟ್ಟ ಉಪ್ಪಿಟ್ಟು ತಿಂದು ಬಂದೆ. ರಕ್ಷಾ ಮತ್ತೆ ನಮ್ಮ ಮನೆಗೆ ಪ್ರಶ್ನೆ ಕೇಳಲು ಬರಲಿಲ್ಲ.

ಬಿ.ಕಾಂ.ನಲ್ಲಿ ಅವಳು ಕಾಲೇಜಿಗೇ ಮೊದಲು ಬಂದಳು. ದೊಡ್ಡ ಇನ್ವೆಸ್ಟ್‌ಮೆಂಟ್ ಬ್ಯಾಂಕೊಂದರ ಬೆಂಗಳೂರು ಆಫೀಸಿನಲ್ಲಿ ಕೆಲಸವೂ ಸಿಕ್ಕಿತು. ಗುರುಬಸಪ್ಪ ರಸ್ತೆಗೆಲ್ಲ ಪೇಡಾ ಹಂಚಿದರು. ಅಲ್ಲಿ ಅವಳು ಮಾಡುವುದು ಇಷ್ಟೇ: ಗ್ರಾಹಕರ ಪ್ಯಾನ್ ಕಾರ್ಡಿನ ಹೆಸರೂ ಅರ್ಜಿಯ ಹೆಸರೂ ತಾಳೆಯಾಗುತ್ತವೆಯೇ ಎಂದು ನೋಡುವುದು. ಕಂಪನಿಗಳಿಗೆ ಬೆಲೆ ಕಟ್ಟುವವರು ಎರಡು ಮಹಡಿ ಮೇಲೆ ಕೂರುತ್ತಾರೆ. ಆ ತಂಡಕ್ಕೆ ಮೂರು ಸಲ ಅರ್ಜಿ ಹಾಕಿದಳು. ಡಿಗ್ರಿಯಲ್ಲಿ ಗಣಿತವಿಲ್ಲ ಎಂದು ಮೂರು ಸಲವೂ ತಿರಸ್ಕರಿಸಿದರು. ನಾಲ್ಕನೆಯ ಸಲ ಅವಳು ಹಾಕಲಿಲ್ಲ. ಐದು ವರ್ಷದಿಂದ ಬೆಳಿಗ್ಗೆ ಏಳಕ್ಕೆ ಮೆಟ್ರೋ ಹತ್ತುತ್ತಾಳೆ, ಅದೇ ಕುರ್ಚಿ, ಅದೇ ಹೆಸರುಗಳು. ಶ್ರೀಶನ ಕೆಲಸ ಮಾತ್ರ ಅವಳು ಬಿ.ಕಾಂ. ಸೇರಿದ ವರ್ಷವೇ ಕಾಯಂ ಆಗಿತ್ತು.

ಹೋದ ಭಾನುವಾರ ಗುರುಬಸಪ್ಪ ನನ್ನನ್ನು ಮನೆಗೆ ಕರೆದರು. ಎರಡನೆಯ ಮಗಳ ಪಿಯುಸಿ ಮುಗಿದಿತ್ತು.

"ಅಕ್ಕನ್ನ ದಾರಿಗೆ ಹಚ್ಚಿದೋರು ನೀವೇ ಅಲ್ವಾ ಮೇಷ್ಟ್ರೇ. ಇವಳಿಗೂ ಏನ್ ತಗೋಬೇಕು ಹೇಳಿ," ಎಂದರು. ರುದ್ರಮುನಿಯವರೂ ಅಲ್ಲೇ ಕುಳಿತಿದ್ದರು.

ಕಾಫಿ ತಂದ ರಕ್ಷಾ ಲೋಟವನ್ನು ನನ್ನ ಮುಂದಿಟ್ಟಳು. ದನಿ ಏರಿಸದೆ ತಂಗಿಗೆ ಹೇಳಿದಳು:

"ಮೇಷ್ಟ್ರಿಗೆ ಎಲ್ಲಾ ಗೊತ್ತು ಕಣೇ. ಆದ್ರೆ ಇಲ್ಲಿ ಕೇಳ್ಬೇಡ. ಅವ್ರೊಬ್ರೇ ಇದ್ದಾಗ ಹೋಗಿ ಕೇಳು, ಆಗ ನಿಜ ಹೇಳ್ತಾರೆ."

ಗುರುಬಸಪ್ಪ ತಮಾಷೆ ಎಂದುಕೊಂಡು ನಕ್ಕರು. ನಾನು ಕಾಫಿ ಲೋಟ ಕೈಗೆತ್ತಿಕೊಂಡೆ.