ಪಿನ್ನಿಗೆ ಒತ್ತಿಟ್ಟ ನಿಂಬೆಹಣ್ಣು

ಆಯುಧಪೂಜೆ ಕಳೆದು ಮಾಲೂರಿನ ನಮ್ಮ ಶೆಡ್ಡಿನ ಬಾಗಿಲು ತೆಗೆದವಳು ನಾನೇ. ಲೇತಿಗೆ ಕಟ್ಟಿದ ಬಾಳೆಕಂದು ಬಾಡಿತ್ತು. ಮಣೆಯ ಮೇಲೆ ನಾವು ಮಾಡಿದ ಉಕ್ಕಿನ ಪಿನ್ನು ಮಲಗಿತ್ತು. ದುಂಡಗಿನದು ಉರುಳದಿರಲೆಂದು ಎರಡೂ ಕಡೆ ಕುಂಕುಮ ಮೆತ್ತಿದ ನಿಂಬೆ ಹೋಳು ಒತ್ತಿಟ್ಟಿತ್ತು. ಹೋಳುಗಳನ್ನು ಕಿತ್ತೆಸೆದೆ.

ಪೂಜೆಯ ದಿನ ನಾನೂ ಅಣ್ಣನೂ ಹೊರಗೆ ಗಾಡಿ ಪೂಜೆಯಲ್ಲಿದ್ದಾಗ ಅಮ್ಮ ಅದನ್ನು ಪೆಟ್ಟಿಗೆಯಿಂದ ತೆಗೆದಿದ್ದಾಳೆ. ತುಕ್ಕು ಹಿಡಿಯದಿರಲೆಂದು ಬಳಿದ ಎಣ್ಣೆಯನ್ನು, ದೇವರ ಮುಂದೆ ಜಿಡ್ಡು ಯಾಕೆಂದು, ಸೆರಗಿನಲ್ಲಿ ಒರೆಸಿಬಿಟ್ಟಿದ್ದಾಳೆ.

ಹಡಗಿನ ಮೇಲೆ ಇಳಿಯುವ ಯುದ್ಧವಿಮಾನದ ಬಾಲದಲ್ಲಿ ಒಂದು ಕೊಕ್ಕೆ ಇರುತ್ತದೆ. ಹಡಗಿಗೆ ಅಡ್ಡ ಕಟ್ಟಿದ ಉಕ್ಕಿನ ಹಗ್ಗವನ್ನು ಅದು ಹಿಡಿದರೆ ವಿಮಾನ ನಿಲ್ಲುತ್ತದೆ. ಆ ಕೊಕ್ಕೆಯನ್ನು ಹಿಡಿದಿಡುವ ಪಿನ್ನು ಸವೆದರೆ ಹಾಕಲು ಬದಲಿ ಪಿನ್ನು ನಮ್ಮದು. ಅದು ತುಂಡಾದರೆ ಮುಂದೆ ಸಮುದ್ರ. ಕಾರಿನ ಬಿಡಿಭಾಗಗಳ ಕೆಲಸ ನಿಂತುಹೋಗಿತ್ತು. ಈ ಒಂದು ಮಾದರಿ ಪಾಸಾಗಿ ಆರ್ಡರ್ ಬಂದರೆ ಅಣ್ಣನ ಶೆಡ್ಡು ಉಳಿಯುತ್ತಿತ್ತು, ಇಲ್ಲವೆಂದರೆ ಬೀಗ. ಮಾಡುವವನು ಅಣ್ಣ, ಪರೀಕ್ಷೆ ಮಾಡಿ ಸೈನ್ ಹಾಕುವವಳು ನಾನು.

ಪಿನ್ನನ್ನು ಒರೆಸಿದೆ. ಹೊಳೆಯುವ ಮೈಯಲ್ಲಿ ಎರಡು ಮಂಕು ಕಲೆ. ಅಷ್ಟರಲ್ಲಿ ಅಣ್ಣ ಬಂದ, ನೋಡಿದ, ಉಜ್ಜಿದ. ಕಲೆ ಹೋಯಿತು.

"ಎಲ್ಲಿದೆ ತೋರ್ಸು? ಸೈನ್ ಹಾಕು."

"ಹುಳಿ ತಗುಲಿದ್ರೆ ಈ ಉಕ್ಕು ಹೊರಗೆ ಕಾಣ್ದೆ ಒಳಗೇ ಸೀಳುತ್ತೆ ಅಂತ ನೀನೇ ಅಲ್ವೇನಣ್ಣ ಹೇಳ್ಕೊಟ್ಟಿದ್ದು?"

ಕೋಪ ಬಂದರೆ ನಮ್ಮ ಮನೆಯಲ್ಲಿ ತೆಲುಗು ಹೊರಡುತ್ತದೆ. "ನೀಕು ಬುದ್ಧಿ ಉಂದಾ? ನಿಂಬೆಹಣ್ಣಿಗೆ ವಿಮಾನ ಬೀಳುತ್ತಾ?" ಎಂದು ಕಿರುಚಿದ. ಆಮೇಲೆ ದನಿ ಇಳಿಯಿತು. "ನಿನ್ ಕಾಲಿಗೆ ಬೀಳ್ತೀನಿ ಕಣೇ. ನಂಗೆ ಇನ್ನೇನೂ ಉಳಿದಿಲ್ಲ."

ನಿಜವಾಗಿಯೂ ಬಗ್ಗಿದ. ನಾನು ಹಿಂದೆ ಸರಿದೆ. ಅಮ್ಮನನ್ನು ಮನಸ್ಸಿನಲ್ಲೇ ಬೈದೆ, ದೇವರನ್ನೂ ಬಿಡಲಿಲ್ಲ. ಹಾಳಾಗಿ ಹೋಗಲಿ, ಹಾಕಿಬಿಡೋಣವೆಂದು ಪೆನ್ನನ್ನೂ ತೆಗೆದೆ. ಆದರೆ ಯಾರೋ ಒಬ್ಬ ಇದನ್ನು ನಂಬಿ ಇಳಿಯುತ್ತಾನಲ್ಲ. ಕೈ ಓಡಲಿಲ್ಲ.

ಕೆಲಸ ಕೊಟ್ಟ ಕಂಪನಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವರು ರೇಗಲಿಲ್ಲ. "ತುಂಡು ಮಾಡಿ ಫೋಟೊ ಕಳಿಸಿ," ಎಂದರು. ಕೆಟ್ಟ ಬಿಡಿಭಾಗ ಅಪ್ಪಿತಪ್ಪಿಯೂ ವಿಮಾನ ಸೇರಬಾರದೆಂದು ಹಾಗೆ ಕತ್ತರಿಸುವುದು ನಿಯಮ. ಇನ್ನೊಂದು ಮಾಡಿಕೊಡುತ್ತೇವೆ ಎಂದು ಅಂಗಲಾಚಿದೆ. "ಮುಂದೆ ನೋಡೋಣ," ಎಂದು ಇಟ್ಟರು. ಆ ಮಾತಿನ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು.

ಅಣ್ಣ ನನ್ನ ಮುಖ ನೋಡದೆ ಪಿನ್ನನ್ನು ಕಟಿಂಗ್ ಮಷೀನಿಗೆ ಕೊಟ್ಟ. ಕಿಡಿ ನಿಲ್ಲುವ ಹೊತ್ತಿಗೆ ಅಮ್ಮ ಮುದ್ದೆ, ಉಪ್ಸಾರಿನ ಕ್ಯಾರಿಯರ್ ಹಿಡಿದು ಬಂದಳು. ಎರಡು ತುಂಡು ನೋಡಿ ಬಾಗಿಲಲ್ಲೇ ನಿಂತಳು. ಅವಳ ತವರು ಶಿಲ್ಪಿಗಳ ಊರು ಶಿವಾರಪಟ್ಟಣ. ಅಲ್ಲಿ ಕೆತ್ತಿದ ವಿಗ್ರಹ ಒಡೆದರೆ ಭಿನ್ನವಾಯಿತು ಎನ್ನುತ್ತಾರೆ, ಅದು ಪೂಜೆಗೆ ಬಾರದು.

"ಅಯ್ಯಯ್ಯೋ, ಭಿನ್ನ ಆಗೋಯ್ತೇನ್ಲಾ? ನಾನು ಪೂಜೆ ಮಾಡಿದ್ದು!"

ನಾನು ಬಾಯಿ ತೆರೆದೆ. ಅಣ್ಣ ಕಣ್ಣಲ್ಲೇ ತಡೆದ.

"ನಂದೇ ತಪ್ಪು ಕಣಮ್ಮ. ಅಳತೆ ಹೆಚ್ಚುಕಮ್ಮಿ ಆಯ್ತು."

ಅಮ್ಮ ಅವನ ಬೆನ್ನು ಸವರಿದಳು. "ಯಾರದೋ ದೃಷ್ಟಿ ತಗುಲಿದೆ ಕಣೋ. ಬಿಡು, ಮುಂದಿನ ವರ್ಷ ಚೀಲದ ತುಂಬ ನಿಂಬೆಹಣ್ಣು ತರ್ತೀನಿ. ಎಲ್ಲಾ ಮಷೀನಿಗೂ ಇಡ್ತೀನಿ."

"ಆಯ್ತಮ್ಮ," ಎಂದು ಅಣ್ಣ ಕೈ ತೊಳೆಯಲು ಹಿಂದಕ್ಕೆ ಹೋದ. ನಲ್ಲಿ ಬಹಳ ಹೊತ್ತು ಸುರಿಯುತ್ತಲೇ ಇತ್ತು.