ತೋಳಿನ ಮೂರು ಗೆರೆಗಳು

ಆ ಬೀದಿಯಲ್ಲಿ ಅವಳನ್ನು ಅಳತೆ ಅತ್ತೆ ಎನ್ನದವರಿಲ್ಲ. ಎದುರಿನ ಶಾಲೆಯ ಮಕ್ಕಳಿಗೆ ಮೂವತ್ತು ವರ್ಷಗಳಿಂದ ಸಮವಸ್ತ್ರ ಹೊಲಿಯುತ್ತಿದ್ದ ಅವಳ ಕೊರಳಲ್ಲಿ ಟೇಪು ನೇತಾಡುತ್ತಿದ್ದದ್ದು ಬರೀ ಮರ್ಯಾದೆಗೆ. ಮಗು ಹೊಸ್ತಿಲು ದಾಟುವಷ್ಟರಲ್ಲಿ ಅವಳ ಕಣ್ಣು ತೋಳು, ಸೊಂಟ, ಉದ್ದ ಎಲ್ಲವನ್ನೂ ಅಳೆದು ಮುಗಿಸಿರುತ್ತಿತ್ತು. ಆಮೇಲೆ ಟೇಪು ಹಿಡಿದರೆ ಅರ್ಧ ಇಂಚು ಆಚೀಚೆ ಆದದ್ದನ್ನು ಕಂಡವರಿಲ್ಲ. ಆದರೂ ಹಿಡಿಯುತ್ತಿದ್ದಳು, ಇಲ್ಲದಿದ್ದರೆ ತಾಯಂದಿರಿಗೆ ಸಮಾಧಾನವಿಲ್ಲ.

ಅವಳ ಜೊತೆಗಿದ್ದದ್ದು ಅಣ್ಣನ ಮಗಳು. ಹುಡುಗಿಗೆ ತಾಯಿಯಿಲ್ಲ; ತಂದೆ ಲಾರಿ ಹತ್ತಿ ಹೋದರೆ ತಿಂಗಳುಗಟ್ಟಲೆ ಸುದ್ದಿಯಿಲ್ಲ. ಎರಡು ವರ್ಷದವಳಿದ್ದಾಗ ಷರ್ಟಿನ ಗುಂಡಿ ನುಂಗಿ ಇಡೀ ಬೀದಿಯನ್ನು ಆಸ್ಪತ್ರೆಗೆ ಓಡಿಸಿದ್ದರಿಂದ ಗುಂಡಿ ಎಂಬ ಹೆಸರೇ ಗಟ್ಟಿಯಾಯಿತು. ಅತ್ತೆ ಮಷಿನ್ನು ತುಳಿಯುವಾಗ ಗುಂಡಿ ಕಾಲ ಬುಡದಲ್ಲಿ ಕೂತು ಒಂದೇ ಆಟ ಆಡುತ್ತಿದ್ದಳು. ಕಂಡದ್ದನ್ನೆಲ್ಲ ತೋರಿಸಿ, "ಎಷ್ಟಿರಬಹುದು ಅತ್ತೆ?" ಎನ್ನುವುದು. ಬಾಗಿಲು, ಬೆಕ್ಕಿನ ಬಾಲ, ಹೆಡ್‌ಮಾಸ್ಟರ ಹೊಟ್ಟೆ, ಯಾವುದಕ್ಕೂ ಅತ್ತೆ ತಡವರಿಸಿದವಳಲ್ಲ. ಒಮ್ಮೆ ಕಣ್ಣು ಹಾಯಿಸಿ ಇಂಚಿನಲ್ಲಿ ಹೇಳಿಬಿಡುತ್ತಿದ್ದಳು. ಹೊಟ್ಟೆಯ ಲೆಕ್ಕವನ್ನು ಮಾತ್ರ ವರ್ಷ ವರ್ಷಕ್ಕೂ ತಿದ್ದಬೇಕಾಗುತ್ತಿತ್ತು.

ಅತ್ತೆಯ ನಿಜವಾದ ಕೈಚಳಕ ಕಾಣುತ್ತಿದ್ದದ್ದು ಹೊಲಿಯುವುದರಲ್ಲಲ್ಲ, ಬಿಚ್ಚುವುದರಲ್ಲಿ. ಬೆಳೆಯುವ ಮಕ್ಕಳ ಬಟ್ಟೆ ಎಂದು ತೋಳಿನ ತುದಿಯಲ್ಲಿ, ಅಂಚಿನಲ್ಲಿ ಒಳಗೆ ಮೂರು ಮಡಿಕೆ ಬಟ್ಟೆ ಬಿಟ್ಟಿರುತ್ತಿದ್ದಳು. ವರ್ಷಕ್ಕೊಂದು ಮಡಿಕೆ ಬಿಚ್ಚಿ ಉದ್ದ ಮಾಡಿದರಾಯಿತು. ಆದರೆ ಬಿಚ್ಚಿದಲ್ಲಿ ಹಳೆಯ ಮಡಿಕೆ ಸವೆದು ಬಿಳಿಚಿದ ಗೆರೆಯೊಂದು ಉಳಿಯುತ್ತದೆ. ಅದು ಕಂಡರೆ ಮಕ್ಕಳಿಗೆ ನಾಚಿಕೆ, ತಾಯಂದಿರಿಗೆ ಮುನಿಸು. ಅತ್ತೆ ಹತ್ತಿಯನ್ನು ನೀಲಿ ಬಣ್ಣದಲ್ಲಿ ಅದ್ದಿ ಗೆರೆಯ ಮೇಲೆ ಒತ್ತಿ, ಇಸ್ತ್ರಿ ಎಳೆದಳೆಂದರೆ ಆ ಕೋಟು ಹಳೆಯದೆಂದು ಹೊಲಿದವಳೇ ಹೇಳಬೇಕು. ಇಂಥ ಗೆರೆಗಳನ್ನು ಮುಚ್ಚುವುದರಲ್ಲೇ ಅವಳ ಆಯುಷ್ಯ ಕಳೆದಿತ್ತು.

ಕಾಲೇಜಿನ ಕೊನೆಯ ವರ್ಷ ಗುಂಡಿಗೆ ಒಂದು ಪ್ರಾಜೆಕ್ಟ್ ಬಂತು. ಹಳೆಯ ಅಮೆರಿಕನ್ ಕಾದಂಬರಿಯೊಂದನ್ನು ಅರ್ಧ ಗಂಟೆಯ ವಿಡಿಯೊ ಮಾಡಬೇಕು. ಅದರಲ್ಲಿ ಪಾಸಾಗದಿದ್ದರೆ ಪದವಿ ಒಂದು ವರ್ಷ ಮುಂದಕ್ಕೆ. ಗುಂಡಿ ಇಟ್ಟಿಗೆಯಂಥ ಪುಸ್ತಕ ತಂದು, ಮಷಿನ್ನಿನ ಪಕ್ಕ ಕೂತು, ಓದಿದ್ದನ್ನು ಅತ್ತೆಗೆ ಕನ್ನಡದಲ್ಲಿ ಹೇಳತೊಡಗಿದಳು. ಕಡಲ ದಂಡೆಯ ಊರು. ಗಂಡ ಹಡಗಿನೊಂದಿಗೆ ಮುಳುಗಿದ ಮೇಲೆ ಹೆಂಡತಿ ಅವನ ಕೋಟನ್ನು ಕತ್ತರಿಸಿ ಮಗಳಿಗೊಂದು ಕೋಟು ಮಾಡುತ್ತಾಳೆ. ಒಳಗೆ ಬಟ್ಟೆ ಬಿಟ್ಟು ಹೊಲಿಯುತ್ತಾಳೆ, ಮಗಳು ಬೆಳೆದಂತೆ ತೋಳು ಬಿಚ್ಚುತ್ತಾಳೆ.

ಮಷಿನ್ನು ನಿಂತಿತು.

"ಅಲ್ಲ ಕಣೇ, ಆ ದೇಶದವಳಿಗೂ ಒಳಗೆ ಬಟ್ಟೆ ಬಿಡೋದು ಗೊತ್ತಿತ್ತಾ?" ಎಂದಳು ಅತ್ತೆ.

ಅವಳ ಮೈ ಜುಮ್ಮೆಂದಿತ್ತು. ತಾನು ಹುಟ್ಟುವ ಮೊದಲೇ ಸತ್ತುಹೋದ ಯಾರೋ, ಏಳು ಸಮುದ್ರದಾಚೆ ಕೂತು, ತನ್ನ ಕೈಯ ಗುಟ್ಟನ್ನು ಬರೆದಿಟ್ಟಿದ್ದಾರೆ. ಪುಸ್ತಕವನ್ನು ಈಸಿಕೊಂಡು, ಒಂದಕ್ಷರ ತಿಳಿಯದಿದ್ದರೂ ಆ ಪುಟದ ಮೇಲೆ ಕೈಯಾಡಿಸಿದಳು. ಅಂದಿನಿಂದ ಅದನ್ನು ನೆಲದ ಮೇಲಿಡಲು ಗುಂಡಿಗೆ ಬಿಡಲಿಲ್ಲ.

ಕೋಟು ಹೊಲಿಯುವುದು ಅತ್ತೆಯ ಪಾಲಿಗೇ ಬಂತು. ಸಮವಸ್ತ್ರದ ಕಡುನೀಲಿ ಬಟ್ಟೆಯಲ್ಲೇ ಹೊಲಿದಳು. ಗುಂಡಿ ಮತ್ತು ಗೆಳತಿಯರು ಎರಡು ವಾರ ಅದನ್ನು ಉಪ್ಪುನೀರಿನಲ್ಲಿ ನೆನೆಸಿ, ಬಿಸಿಲಿಗೆ ಹಾಕಿ, ಕಲ್ಲಿಗೆ ಉಜ್ಜಿ ಹಳತು ಮಾಡಿದರು. ದಿನಕ್ಕೊಂದು ದೃಶ್ಯದಂತೆ ವಿಡಿಯೊ ಮುಗಿಯುತ್ತ ಬಂತು. ಉಳಿದದ್ದು ಕೊನೆಯ ದೃಶ್ಯ. ತಾಯಿ ಸತ್ತು ವರ್ಷಗಳಾದ ಮೇಲೆ ಮಗಳು ಆ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂರಬೇಕು, ಅಷ್ಟೇ. "ತೋಳಿನ ಮಡಿಕೆ ಎಲ್ಲ ಬಿಚ್ಚಿಡು ಅತ್ತೆ, ನಾಳೆ ಬೆಳಿಗ್ಗೆ ಬೇಕು" ಎಂದು ಹೇಳಿ ಗುಂಡಿ ಕಾಲೇಜಿಗೆ ಓಡಿದಳು.

ಅತ್ತೆ ಬಿಚ್ಚಿದಳು. ಮೂರು ಗೆರೆಗಳು ಎದ್ದು ಕಂಡವು. ನಾಲ್ಕು ಜನ ನೋಡುವ ಕೋಟು, ತನ್ನ ಹುಡುಗಿಯ ಮಾನದ ಪ್ರಶ್ನೆ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು, ಒಂದೊಂದೇ ಗೆರೆಗೆ ನೀಲಿ ಒತ್ತಿ, ಇಸ್ತ್ರಿ ಎಳೆದು, ಹ್ಯಾಂಗರಿಗೆ ತೂಗುಹಾಕಿದಳು. ಮೂವತ್ತು ವರ್ಷಗಳಲ್ಲಿ ಇಷ್ಟು ಚೆನ್ನಾಗಿ ಯಾವ ಗೆರೆಯನ್ನೂ ಮುಚ್ಚಿರಲಿಲ್ಲ.

ಬೆಳಿಗ್ಗೆ ಗುಂಡಿ ತೋಳನ್ನು ತಿರುಗಿಸಿ ತಿರುಗಿಸಿ ನೋಡಿ ನೆಲದ ಮೇಲೆ ಕುಸಿದು ಕೂತಳು. ಬೈಯಲಿಲ್ಲ. ಬೈದಿದ್ದರೆ ಅತ್ತೆಗೆ ಹಗುರವಾಗುತ್ತಿತ್ತು.

"ಗೆರೆ ಎಲ್ಲಿ ಅತ್ತೆ? ಆ ಗೆರೆ ಮೇಲೇ ನಿಂತಿರೋದು ಕಥೆ. ಮಗಳು ಅದನ್ನ ಮುಟ್ಟಿದಾಗಲೇ ಅಮ್ಮ ತನ್ನನ್ನ ಹೇಗೆ ಬೆಳೆಸಿದ್ಲು ಅಂತ ಗೊತ್ತಾಗೋದು."

ಬಣ್ಣ ಕೂತಾಗಿತ್ತು, ಮತ್ತೆ ಬಿಸಿಲಲ್ಲಿ ಬಿಳಿಚಿಸಲು ಎರಡು ವಾರ ಬೇಕು. ಎರವಲು ತಂದ ಕ್ಯಾಮೆರಾ ಸಂಜೆಗೆ ವಾಪಸ್ಸು ಹೋಗಬೇಕು. ತಾಯಿಯಿಲ್ಲದ ಹುಡುಗಿಯ ಒಂದು ವರ್ಷವನ್ನು ತನ್ನ ಜಾಣತನವೇ ನುಂಗಿತಲ್ಲ ಎಂದುಕೊಂಡಳು ಅತ್ತೆ. ಆಮೇಲೆ ಒಳಗೆ ಹೋದಳು. ಮಂಚದ ಕೆಳಗಿನ ಟ್ರಂಕನ್ನು ಎಳೆದು ತಳದಿಂದ ಏನೋ ತೆಗೆದು ತಂದು ಗುಂಡಿಯ ಮಡಿಲಿಗೆ ಹಾಕಿದಳು.

ಕಡುನೀಲಿ ಬಟ್ಟೆಯ ಶಾಲೆಯ ಕೋಟು. ಐದನೇ ಕ್ಲಾಸಿಗೆ ಹೊಲಿದು, ವರ್ಷಕ್ಕೊಮ್ಮೆ ತೋಳು ಬಿಚ್ಚಿ, ಎಂಟನೇ ಕ್ಲಾಸಿನವರೆಗೆ ಗುಂಡಿ ತೊಟ್ಟದ್ದು. ಅಂದು ಒತ್ತಿದ್ದ ನೀಲಿ ಎಷ್ಟೋ ಒಗೆತಗಳಲ್ಲಿ ತೊಳೆದುಹೋಗಿ, ಮೂರು ಗೆರೆಗಳೂ ಬಿಳಿಚಿಕೊಂಡು ಮೇಲೆದ್ದಿದ್ದವು.

"ಮಷಿನ್ ಒರೆಸೋಕೆ ಹರಿದು ಹಾಕ್ದೆ ಅಂದಿದ್ದೆಯಲ್ಲ ಅತ್ತೆ?"

"ಅಂದಿದ್ದೆ," ಎಂದು ಅತ್ತೆ ಗೋಡೆ ಕಡೆ ತಿರುಗಿ ಸೂಜಿಗೆ ದಾರ ಪೋಣಿಸತೊಡಗಿದಳು. ಆಗ ಹೊಲಿಯುವಂಥದ್ದೇನೂ ಇರಲಿಲ್ಲ.

ಮರುವಾರ ಕಾಲೇಜಿನಲ್ಲಿ ವಿಡಿಯೊ ತೋರಿಸಿದರು. ಕಿಟಕಿಗಳಿಗೆ ಕಪ್ಪು ಬಟ್ಟೆ ಇಳಿಬಿಟ್ಟಿದ್ದ ಕೋಣೆಯಲ್ಲಿ ಅತ್ತೆ ಗುಂಡಿಯ ಪಕ್ಕ ಮುದುಡಿ ಕೂತಳು. ಎದುರಿನ ಬಿಳಿಗೋಡೆ ಬೆಳಗಿತು. ಗುಂಡಿಯ ಗೆಳತಿ ಬೇರೆ ಯಾರೋ ಆಗಿದ್ದಳು, ಕಾಲೇಜಿನ ನೀರಿನ ತೊಟ್ಟಿ ಕಡಲಾಗಿತ್ತು, ಅತ್ತೆಯ ಮನೆಯ ಗಡಿಯಾರ ನೂರು ವರ್ಷ ಹಿಂದಿನ ಹೊತ್ತು ತೋರಿಸುತ್ತಿತ್ತು. ಬಿಡಿಬಿಡಿಯಾಗಿ ಕತ್ತರಿಸಿ ತೆಗೆದದ್ದೆಲ್ಲ ಸೇರಿ ಒಂದೇ ಬಾಳಾಗಿ ನಡೆಯುತ್ತಿತ್ತು. ಜೋಡಿಸಿದ ಹೊಲಿಗೆ ಎಲ್ಲಾದರೂ ಕಂಡೀತೇ ಎಂದು ಹುಡುಕಿದಳು, ಸಿಗಲಿಲ್ಲ. ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡಿದಳು.

ಕೊನೆಗೆ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ತೋಳೊಂದು ಹರಡಿಕೊಂಡಿತು. ಮೂರು ಗೆರೆಗಳು. ಮೊದಲನೆಯದು ಗುಂಡಿ ಜ್ವರದಿಂದೆದ್ದು ಸೊರಗಿದರೂ ಉದ್ದವಾಗಿದ್ದ ವರ್ಷದ್ದು. ಎರಡನೆಯದು ಅಪ್ಪ ಬರಲಿಲ್ಲವೆಂದು ಅನ್ನ ಬಿಟ್ಟಿದ್ದ ವರ್ಷದ್ದು. ಮೂರನೆಯದು ಹುಡುಗಿ ಒಮ್ಮೆಲೇ ಅತ್ತೆಯ ಭುಜಕ್ಕೆ ಬಂದ ವರ್ಷದ್ದು. ಕೈಯೊಂದು ಬಂದು ಆ ಗೆರೆಗಳನ್ನು ಒಂದೊಂದಾಗಿ ಸವರಿತು. ಅದು ಗೆಳತಿಯ ಕೈಯಾಗಿರಲಿಲ್ಲ. ಚಿಕ್ಕಂದಿನಲ್ಲಿ ಸೂಜಿ ಚುಚ್ಚಿಸಿಕೊಂಡು ಗುರುತುಳಿದ ಗುಂಡಿಯ ಆ ಹೆಬ್ಬೆರಳನ್ನು ಅತ್ತೆ ಎಲ್ಲಿದ್ದರೂ ಗುರುತಿಸುತ್ತಿದ್ದಳು.

ತಾನು ನಾಚಿ ಮುಚ್ಚುತ್ತ ಬಂದದ್ದನ್ನು ಅಷ್ಟು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅವಳ ಕಣ್ಣು ತುಂಬಿ ಬಂತು.

ಕತ್ತಲಲ್ಲಿ ಗುಂಡಿ ಕಿವಿಯ ಹತ್ತಿರ ಬಾಗಿ, "ಎಷ್ಟಿರಬಹುದು ಅತ್ತೆ?" ಎಂದಳು.

ಅತ್ತೆ ಗೋಡೆಯ ಮೇಲಿನ ತೋಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಗೊತ್ತಾಗ್ತಿಲ್ಲ ಕಣೇ," ಎಂದಳು.