ಅತ್ತಿಗೆಯ ಅಕ್ಕ, ಅಂದರೆ ಆ ರೈಫಲ್ಲು

ದಂಡಿನ ಹಳೇ ಬಂದೂಕುಗಳ ರಿಪೇರಿ ಶೆಡ್ಡಿನಲ್ಲಿ ನಮ್ಮ ಅತ್ತಿಗೆ ಕೆಲಸಕ್ಕಿದ್ದಾರೆ. ನಾನೂ ಅಲ್ಲೇ, ಲೇತ್ ಮೇಲೆ. ಮನೆಯಲ್ಲಿ ನನ್ನ ಹೆಸರು ಪಟಾಕಿ. ಇಟ್ಟವರು ಅವರೇ.

ಬಂದೂಕಿನ ಮೈಮೇಲಿನ ಗುರುತು ಓದೋದರಲ್ಲಿ ಅವರದು ಎತ್ತಿದ ಕೈ. ನಳಿಗೆಯ ಬುಡದಲ್ಲೊಂದು ನಂಬರು, ತೋಟಾ ಒಳಗೆ ತಳ್ಳೋ ಬೋಲ್ಟಿನ ಮೇಲೂ ಅದೇ ಇರಬೇಕು. ಬೇರೆಯಿದ್ದರೆ ಯಾರೋ ಯಾವುದರದ್ದೋ ಬೋಲ್ಟು ತುರುಕಿದ್ದಾರೆ ಅಂತ. ಪಕ್ಕದಲ್ಲಿ ನಕ್ಷತ್ರವಿದ್ದರೆ ಒಳಗೆ ತುಕ್ಕು ತಿಂದಿದೆ. ಜೋಡಿ ಅಡ್ಡಗೆರೆಯಿದ್ದರೆ ಕವಾಯತಿಗೆ ಮಾತ್ರ, ತೋಟಾ ಹಾಕೋ ಹಾಗೇ ಇಲ್ಲ.

ಅವರ ಅಪ್ಪ ಸಿಪಾಯಿ. ರಜೆಗೆ ಬಂದಾಗೆಲ್ಲ, "ನಿನಗೊಬ್ಬಳು ಅಕ್ಕ ಇದಾಳಮ್ಮ, ರಾತ್ರಿ ನನ್ನ ಪಕ್ಕಾನೇ ಮಲಗ್ತಾಳೆ" ಅಂತ ರೈಫಲ್ಲಿನ ನಂಬರನ್ನು ಮಗಳಿಗೆ ಬಾಯಿಪಾಠ ಮಾಡಿಸುತ್ತಿದ್ದರಂತೆ. ಯುದ್ಧದಿಂದ ಅಪ್ಪ ಬರಲಿಲ್ಲ, ರೈಫಲ್ಲು ಬಂತು. ನಮ್ಮ ಶೆಡ್ಡಿನ ಗೂಟದಲ್ಲಿ ಅದನ್ನು ಅತ್ತಿಗೆ ಪತ್ತೆ ಹಚ್ಚಿದ್ದು ರಿಜಿಸ್ಟರಿನಲ್ಲಿ ಕಂಡ ಆ ನಂಬರಿನಿಂದಲೇ.

ಈ ಸಲ, ಸತ್ತ ಸಿಪಾಯಿಗಳ ನೆನಪಿಗೆ ಹಳೇ ರೈಫಲ್ಲುಗಳಿಂದಲೇ ಕುಶಾಲತೋಪು ಹಾರಿಸಬೇಕು ಅಂತ ಹುಕುಂ ಬಂತು. ಅಪ್ಪನದೂ ಆ ಸಾಲಿನಲ್ಲಿ ಗುಡುಗಬೇಕು ಅಂತ ಅತ್ತಿಗೆ ಹಟ ಹಿಡಿದರು. ನಮ್ಮಲ್ಲಿ ಬಂದೂಕು ಪಾಸು ಮಾಡಿದವರೇ ಹೆಗಲಿಗಿಟ್ಟು ಮೊದಲ ತೋಟಾ ಹಾರಿಸಬೇಕು. ಅದಕ್ಕೂ ಅವರು ತಯಾರು.

ವರ್ಷಾ ವರ್ಷಾ ತಪಾಸಣೆಗೆ ಮುಂಚೆ ಕಪ್ಪು ಬಣ್ಣ ಬಳಿಯೋದು ನಮ್ಮ ಶೆಡ್ಡಿನವರ ದರಿದ್ರ ಚಾಳಿ. ಗುರುತೆಲ್ಲ ಅದರಡಿ ಹೂತುಹೋಗಿದ್ದವು. ಅತ್ತಿಗೆ ಥಿನ್ನರಿನಲ್ಲಿ ಬಟ್ಟೆ ಅದ್ದಿ ಉಜ್ಜಿದರು. ನಳಿಗೆಯ ನಂಬರು ಕಂಡಿತು. ಬೋಲ್ಟಿನದೂ ಅದೇ. ಮುಖ ಅರಳಿತು. ಇನ್ನೊಂಚೂರು ಉಜ್ಜಿದರು. ಜೋಡಿ ಅಡ್ಡಗೆರೆ.

"ಬರೀ ಸದ್ದಿನ ತೋಟಾ ತಾನೇ," ಅಂದರು ಸೂಪರ್‌ವೈಸರು. "ಮೇಲೊಂದು ಕೈ ಬಣ್ಣ ಹೊಡಿಯಮ್ಮ. ಯಾರು ನೋಡ್ತಾರೆ?"

"ನಾನು ನೋಡಿದೀನಲ್ಲ ಸಾರ್."

ನನಗೆ ಪಿತ್ತ ನೆತ್ತಿಗೇರಿತು. "ಕೊಡಿ ಅತ್ತಿಗೆ ಇಲ್ಲಿ, ನಾನೇ ಹಾರಿಸ್ತೀನಿ. ಏನಾಗತ್ತೋ ಆಗಲಿ."

"ಏನಾಗತ್ತೆ, ಮೂತಿ ಹಾರೋಗತ್ತೆ. ಮೊದಲೇ ನಿನಗೆ ಹೆಣ್ಣು ಕೊಡೋರಿಲ್ಲ."

"ನಿಮ್ಮಪ್ಪಂದು ಅಲ್ವಾ ಅದು?"

"ಅದಕ್ಕೇ ಕಣೋ. ಹಿಡಿದೋನ ಕಣ್ಣು ಉಳೀಲಿ ಅಂತ ಯಾರೋ ಪುಣ್ಯಾತ್ಮ ಈ ಗೆರೆ ಕೊರೆದಿದಾನೆ. ಅಪ್ಪಂದು ಅಂತ ಅಳಿಸಿಬಿಡಲಾ?"

ಉಳಿ, ಸುತ್ತಿಗೆ ತಂದರು. "ಗಟ್ಟಿಯಾಗಿ ಹಿಡ್ಕೋ, ಪಟಾಕಿ." ಹಳೇ ಗೆರೆಗಳ ಮೇಲೇ ಉಳಿಯಿಟ್ಟು ಹೊಡೆದರು. ಕಣ್ಣು ತುಂಬಿತ್ತು, ಕೈ ಮಾತ್ರ ಕದಲಲಿಲ್ಲ. ಇನ್ನು ಎಷ್ಟು ಬಣ್ಣ ಮೆತ್ತಿದರೂ ಬೆರಳಿಗೆ ಸಿಗುವಷ್ಟು ಆಳಕ್ಕೆ ಇಳಿಸಿದರು.

ಕುಶಾಲತೋಪಿನ ದಿನ ಅವರು ಪಾಸು ಮಾಡಿದ ರೈಫಲ್ಲುಗಳೆಲ್ಲ ಒಂದೇ ಉಸಿರಿಗೆ ಗುಡುಗಿದವು. ಅಕ್ಕ ಶೆಡ್ಡಿನ ಗೂಟದಲ್ಲೇ ಇದ್ದಳು. ಅತ್ತಿಗೆ ವಾಪಸು ಬಂದವರೇ ಅವಳಿಗೆ ಎಣ್ಣೆ ಸವರಿ, ಥಿನ್ನರ್ ಡಬ್ಬ ಎಳೆದುಕೊಂಡು, ಬಣ್ಣ ಮೆತ್ತಿದ್ದ ಮುಂದಿನ ಸಾಲಿನ ಬಂದೂಕು ಉಜ್ಜೋಕೆ ಕೂತರು.

ನಾನೂ ಒಂದು ಬಟ್ಟೆ ತಗೊಂಡೆ.